ಮನೆಯಲ್ಲಿ ಯಾರೂ ಇರದ ಹೊತ್ತು ತಿಳಿಸಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಬೀಗದ ವಿಷಯ ನನಗೆ ಅಷ್ಟಕ್ಕಷ್ಟೆ, ಕಂಪ್ಯೂಟರಿನ ವಿಷಯ ಅದಕ್ಕಿಂತಲೂ ಕಡಿಮೆ. ಇವೆರಡೂ ಸೇರಿದ ಈ ಕಥೆಯನ್ನು ಬಲ್ಲವರು ಯಾರಾದರೂ ಹೇಳಬೇಕಿತ್ತು. ಆದರೆ ಬಲ್ಲವರೆಲ್ಲ ಆ ಭಾನುವಾರ ಸಭಾಂಗಣದ ಹೊರಗೆ ನಿಂತವರೇ ಆದ್ದರಿಂದ ಒಬ್ಬರೂ ಬಾಯಿ ಬಿಡುತ್ತಿಲ್ಲ. ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಂಡು ಓದಿ. ಬೀಗದಣ್ಣನ ಮೇಲೆ ಮಾತ್ರ ಸಿಟ್ಟಾಗಬೇಡಿ. ಅವನು ಮಾಡಿದ್ದನ್ನೆಲ್ಲ ಮರ್ಯಾದೆಯಿಂದಲೇ ಮಾಡಿದ.

ಬೀಗದಣ್ಣನ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಕೂತರೆ ಸುಖ, ಎದ್ದರೆ ಏಳನೇ ಮೆಟ್ಟಿಲು ತಲೆಗೆ ಬಡಿಯುತ್ತಿತ್ತು. ಇಪ್ಪತ್ತೆರಡು ವರ್ಷ ಹೀಗೆ ಬಗ್ಗಿ ಬಗ್ಗಿ ಅವನು ರಸ್ತೆಯಲ್ಲೂ ಸ್ವಲ್ಪ ಬಗ್ಗಿಯೇ ನಡೆಯುತ್ತಿದ್ದ. ನೋಡಿದವರು ವಿನಯ ಅಂದುಕೊಂಡಿದ್ದರು. ವಿನಯವೂ ಇತ್ತೆನ್ನಿ. ಬೀದಿಯ ಬೀಗಗಳೆಲ್ಲ ಅವನ ಕೈಯಲ್ಲಿ ಒಂದಲ್ಲ ಒಂದು ಸಲ ಬಿಚ್ಚಿಕೊಂಡಿದ್ದವು, ಮತ್ತು ಯಾರ ಮನೆಯ ಯಾವ ಬೀಗ ಹೇಗೆ ಎಂದು ಅವನ ಬಾಯಿಂದ ಒಂದು ಮಾತು ಹೊರಬಿದ್ದಿರಲಿಲ್ಲ.

ಅವನ ಸ್ವಂತ ಮನೆಯ ಮುಂಬಾಗಿಲ ಬೀಗ ಮಾತ್ರ ಹನ್ನೊಂದು ವರ್ಷದಿಂದ ಕೆಟ್ಟಿತ್ತು. ಎಡಮೊಣಕಾಲಿಂದ ಬಾಗಿಲನ್ನು ಒಂದಿಷ್ಟು ಎತ್ತಿ, ತನ್ನ ಕಡೆ ಎಳೆದು, ಕೀಯನ್ನು ಒಂದೂವರೆ ಸುತ್ತು ತಿರುಗಿಸಿ, ಆಮೇಲೆ ಕಾಲು ಸುತ್ತು ಹಿಂದಕ್ಕೆ ತಂದರೆ ತೆರೆಯುತ್ತಿತ್ತು. "ರೀ, ಇದನ್ನೊಂದು ನೋಡ್ರೀ" ಎಂದು ಹೆಂಡತಿ ಹೇಳಿದಾಗಲೆಲ್ಲ, "ಈ ವಾರ ನೋಡ್ತೀನಿ ಕಣೇ" ಅನ್ನುತ್ತಿದ್ದ. ಅವನು ಯಾವ ವಾರ ಎಂದು ಹೇಳಿರಲಿಲ್ಲವಾದ್ದರಿಂದ ಅದನ್ನು ಸುಳ್ಳು ಎನ್ನಲಾಗದು. ಎರಡನೇ ಕೀ ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಹಲಗೆಯ ಮೇಲೆ, ಹಳೆಯ ಎಡಗಾಲಿನ ಬೂಟಿನೊಳಗೆ ಇರುತ್ತಿತ್ತು. ಅದು ಗಂಡ ಹೆಂಡತಿ ಇಬ್ಬರಿಗೇ ಗೊತ್ತಿದ್ದ ಗುಟ್ಟು.

ಹೀಗಿರುವಾಗ ಎದುರಿನ ನಿವಾಸಿಗಳ ಸಂಘದವರು ಹೊಸ ಕಟ್ಟಡ ಕಟ್ಟಿಸಿದರು. ನಲವತ್ತೆಂಟು ಬಾಗಿಲು, ನಲವತ್ತೆಂಟು ಬೀಗ. ಕೆಲಸ ಸಿಕ್ಕವರಿಗೆ ನೆಲಮಹಡಿಯಲ್ಲಿ ಒಂದು ಮಳಿಗೆಯೂ ಸಿಗುತ್ತದಂತೆ. ಬೀಗದಣ್ಣ ಒಂದು ದಿನ ಆ ಖಾಲಿ ಮಳಿಗೆಯೊಳಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನೆಟ್ಟಗೆ ನಿಂತ. ತಲೆಗೆ ಏನೂ ತಾಗಲಿಲ್ಲ. ಕೈ ಎತ್ತಿದ. ಆಗಲೂ ತಾಗಲಿಲ್ಲ. ಅಂದಿನಿಂದ ಅವನಿಗೆ ಆ ಮಳಿಗೆಯದೇ ಧ್ಯಾನ.

ಸಂಘದ ಅಧ್ಯಕ್ಷರು ಮೂವತ್ತೊಂದು ವರ್ಷ ನೋಂದಣಿ ಕಚೇರಿಯಲ್ಲಿದ್ದು ನಿವೃತ್ತರಾದವರು. ಕೆಲಸ ಕೇಳಲು ಬಂದ ಬೀಗದಣ್ಣನನ್ನು ಕನ್ನಡಕದ ಮೇಲಿಂದ ನೋಡಿ ಕೇಳಿದರು:

"ಏನ್ರೀ, ಕೆಲಸ ಬರುತ್ತೆ, ಸರಿ. ವೆಬ್‌ಸೈಟ್ ಇದೆಯೋ?"

ಇಲ್ಲ ಎನ್ನುವ ಮಾತು ಬೀಗದಣ್ಣನಿಗೆ ಹುಟ್ಟಿನಿಂದಲೇ ಕಷ್ಟ. "ಇದೆ ಸಾರ್."

"ಗ್ರಾಹಕರ ದಾಖಲೆ?"

"ಅದೂ ಇದೆ ಸಾರ್."

"ಕಂಪ್ಯೂಟರಲ್ಲೋ?"

"ಅದರಲ್ಲೇ ಸಾರ್."

"ಹಾಗಾದ್ರೆ ಮುಂದಿನ ತಿಂಗಳ ಎರಡನೇ ಭಾನುವಾರ ಸಭೆಗೆ ತಂದು ತೋರಿಸಿ."

ಗ್ರಾಹಕರ ದಾಖಲೆ ನಿಜವಾಗಿ ಇದ್ದದ್ದು ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನ ಮೇಲೆ. ಕಂಪ್ಯೂಟರನ್ನಂತೂ ಅವನು ಹೊರಗಿನಿಂದ ಮಾತ್ರ ಬಲ್ಲ. ಆಡಿದ ಸುಳ್ಳನ್ನು ನಿಜ ಮಾಡದೆ ನಿದ್ದೆ ಬರುವ ಜಾತಿಯ ಮನುಷ್ಯ ಅವನಲ್ಲ. ಅದೇ ವಾರ ಸಂಜೆ ತರಗತಿಗೆ ಸೇರಿಕೊಂಡ.

ಅಲ್ಲಿನ ಮೇಡಂ ಬೋರ್ಡಿನ ಮೇಲೆ ಚೌಕ ಬರೆದು ಹೇಳಿದರು: "ಇದು ನಿಮ್ಮ ವೆಬ್‌ಸೈಟ್ ಅಂದ್ಕೊಳ್ಳಿ. ಇದಕ್ಕೆ ಒಂದು ಪ್ಲಗಿನ್, ಅಂದ್ರೆ ಒಂದು ಪುಟ್ಟ ಪ್ರೋಗ್ರಾಂ, ಸಿಕ್ಕಿಸ್ತೀವಿ. ಗ್ರಾಹಕರ ಹೆಸರು, ನಂಬರು, ಯಾವಾಗ ಬಂದಿದ್ರು, ಏನು ಕೆಲಸ, ಎಲ್ಲಾ ಅದೇ ನೆನಪಿಟ್ಕೊಳ್ಳುತ್ತೆ. ಓಪನ್ ಸೋರ್ಸ್ ಇದು. ಒಳಗೆ ಹೇಗೆ ಕೆಲಸ ಮಾಡುತ್ತೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ಬಳಸಬಹುದು, ಸರಿ ಮಾಡಬಹುದು."

ಹಿಂದಿನ ಬೆಂಚಿನ ಬೇಕರಿಯವನು ಎದ್ದ. "ಯಾರು ಬೇಕಾದ್ರೂ ಅಂದ್ರೆ ಕಳ್ಳರೂ ನೋಡ್ತಾರಲ್ಲ ಮೇಡಂ?"

ಮೂರು ವಾರದಿಂದ ತುಟಿ ಬಿಚ್ಚದಿದ್ದ ಬೀಗದಣ್ಣ ಅಭ್ಯಾಸಬಲದಿಂದ ತಲೆ ಬಗ್ಗಿಸಿಕೊಂಡೇ ಎದ್ದುನಿಂತ. "ನೋಡಲಿ ಬಿಡಿ ಸಾರ್. ಒಳ್ಳೆ ಬೀಗ ಅಂದ್ರೆ ಗಾಜಿನ ಡಬ್ಬೀಲಿಟ್ಟು ಒಳಗಿಂದೆಲ್ಲ ತೋರಿಸಿದ್ರೂ ಕೀ ಇಲ್ದೆ ತೆರೆಯಬಾರದು. ಒಳಗೇನಿದೆ ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೇ ಭದ್ರ ಅನ್ನೋ ಬೀಗಾನ ನಾನು ಒಂದು ಪಿನ್ನಲ್ಲಿ ತೆಗೀತೀನಿ."

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಇಷ್ಟು ವರ್ಷ ಪಾಠ ಮಾಡಿದ್ದೀನಿ, ಇಷ್ಟು ಚೆನ್ನಾಗಿ ನಾನೇ ಹೇಳಿಲ್ಲ" ಎಂದರು. ಬೀಗದಣ್ಣನಿಗೆ ಕಿವಿಯ ತುದಿಯವರೆಗೆ ಕೆಂಪೇರಿತು. ಇಲ್ಲಿಂದ ಮುಂದೆ ಆದ ಅನಾಹುತಕ್ಕೆಲ್ಲ ಈ ಒಂದು ಹೊಗಳಿಕೆಯೇ ಮೂಲ ಎಂದು ಕೆಲವರ ಅಭಿಪ್ರಾಯ.

ಹಳೆಯ ಕಂಪ್ಯೂಟರೊಂದನ್ನು ಕೊಂಡು, ಮೇಡಂ ನೆರವಿನಿಂದ ವೆಬ್‌ಸೈಟ್ ಮಾಡಿ, ಕ್ಯಾಲೆಂಡರ್ ಹಾಳೆಗಳಲ್ಲಿದ್ದ ಇನ್ನೂರ ಹನ್ನೆರಡು ಗ್ರಾಹಕರನ್ನು ಒಬ್ಬೊಬ್ಬರನ್ನಾಗಿ, ಒಂದೇ ಬೆರಳಲ್ಲಿ ಒತ್ತಿ ಒಳಗೆ ಸೇರಿಸಿದ. ಮಾರನೆಯ ಬೆಳಿಗ್ಗೆ ತೆರೆದು ನೋಡಿದ. ಇನ್ನೂರ ಹನ್ನೆರಡು ಹೆಸರ ಮುಂದೆಯೂ ಒಂದೊಂದು ಕೆಂಪು ಚುಕ್ಕೆ! 'ಈ ಗ್ರಾಹಕರನ್ನು ಸಂಪರ್ಕಿಸಿ 30 ದಿನಗಳಿಗಿಂತ ಹೆಚ್ಚಾಗಿದೆ.'

ನೀವೋ ನಾವೋ ಆಗಿದ್ದರೆ ಚುಕ್ಕೆಯ ಪಾಡಿಗೆ ಚುಕ್ಕೆ ಎಂದು ಸುಮ್ಮನಿರುತ್ತಿದ್ದೆವು. ಬೀಗದಣ್ಣ ಹಾಗಲ್ಲ. ಎಲ್ಲೆಲ್ಲಿಯದೋ ಪುಣ್ಯಾತ್ಮರು ಪುಕ್ಕಟೆ ಮಾಡಿಕೊಟ್ಟ ಯಂತ್ರ ಇಷ್ಟು ಕೆಂಪಾಗಿ ಹೇಳುತ್ತಿರುವಾಗ ಕೇಳದಿರುವುದು ಸಭ್ಯತೆಯೇ? ಫೋನ್ ಹಿಡಿದು ಕೂತ.

"ನಮಸ್ಕಾರಮ್ಮ, ನಾನು ಬೀಗದವನು. ನಿಮ್ಮ ಹಿಂಬಾಗಿಲ ಬೀಗ ಆರೋಗ್ಯವಾಗಿದೆಯಾ?"

ಆ ಕಡೆಯವರು ಸ್ನಾನದ ಮಧ್ಯೆ ಓಡಿಬಂದಿದ್ದರು. ಏನೆಂದರೋ, ಬೀಗದಣ್ಣ ಹೇಳಿಲ್ಲ. ಫೋನು ಬೇಡ, ಖುದ್ದಾಗಿ ಹೋಗುವುದೇ ಲೇಸೆಂದು ಹೊರಟರೆ, ಹೋದ ಮನೆಯಲ್ಲೆಲ್ಲ ಬೀಗ. ಬಂದದ್ದಕ್ಕೆ ಆ ಬೀಗವನ್ನಾದರೂ ಮಾತಾಡಿಸೋಣವೆಂದು ಬಗ್ಗಿ, ಅಲ್ಲಾಡಿಸಿ, ಒಂದು ಕಣ್ಣು ಮುಚ್ಚಿ ಕೀ ತೂತಿನೊಳಗೆ ನೋಡಿದ. ಎದುರು ಮನೆಯ ಕಿಟಕಿಯಲ್ಲಿ ಪರದೆ ಸರಿಯಿತು.

ಇಸ್ತ್ರಿ ಅಂಗಡಿಯ ಅಕ್ಕ ಸಂಜೆ ಕರೆದು ಬುದ್ಧಿ ಹೇಳಿದಳು. "ಅಲ್ಲಾ ಅಣ್ಣ, ಮನೇಲಿ ಯಾರೂ ಇಲ್ದಾಗ ಹೋಗಿ ಬಾಗಿಲು ಅಲ್ಲಾಡಿಸಿದ್ರೆ ನೋಡಿದವರು ಏನಂದ್ಕೊಳ್ತಾರೆ? ಯಾವಾಗ ಇರ್ತಾರೆ, ಯಾವಾಗ ಇರಲ್ಲ ಅಂತ ಮೊದಲೇ ಕೇಳ್ಕೊಂಡು ಹೋಗಬಾರ್ದಾ?"

ಈ ಮಾತು ಬೀಗದಣ್ಣನ ಮನಸ್ಸಿಗೆ ನಾಟಿತು. ಪ್ಲಗಿನ್ನಿನಲ್ಲಿ ಫಾರಂ ಮಾಡುವ ಸೌಲಭ್ಯ ಇತ್ತು. ಒಂದೊಂದು ಪ್ರಶ್ನೆಯ ಪಕ್ಕದಲ್ಲೂ ಅದನ್ನು ಏಕೆ ಕೇಳುತ್ತಿದ್ದೇನೆಂದು ನಾಲ್ಕು ಸಾಲು ವಿವರಣೆ ಬರೆದ. ಆದರೆ ಪ್ರಶ್ನೆಯ ಡಬ್ಬಿ ಅರವತ್ತು ಅಕ್ಷರದ ಮೇಲೆ ಹಿಡಿಯಲೊಲ್ಲದು. ಪ್ರಶ್ನೆ ಕತ್ತರಿಸುವುದೋ, ಕಾರಣ ಕತ್ತರಿಸುವುದೋ? ಬಹಳ ಹೊತ್ತು ಯೋಚಿಸಿ ಕಾರಣಗಳನ್ನು ಕತ್ತರಿಸಿದ. ಉಳಿದದ್ದು ಇದು:

'ಮಾನ್ಯರೇ, ತಮಗೆ ತೊಂದರೆಯಾಗದಂತೆ ನನ್ನ ಕೆಲಸ ಮುಗಿಸುವ ಸಲುವಾಗಿ ಈ ವಿವರ ಕೋರುತ್ತೇನೆ.

ಒಂದು: ಮನೆಯಲ್ಲಿ ಯಾರೂ ಇರದ ಹೊತ್ತು ತಿಳಿಸಿ.

ಎರಡು: ಮನೆಯಲ್ಲಿ ಅತಿ ಸಡಿಲವಾದ ಬೀಗ ಯಾವುದು?

ಮೂರು: ಎರಡನೇ ಕೀ ಎಲ್ಲಿಡುತ್ತೀರಿ?

ಎಲ್ಲವನ್ನೂ ಗುಟ್ಟಾಗಿಡಲಾಗುವುದು. ಶೀಘ್ರದಲ್ಲೇ ಬರುತ್ತೇನೆ.'

ಕಳಿಸುವ ಮುಂಚೆ ಪಕ್ಕದ ಕಟಿಂಗ್ ಶಾಪಿನವನಿಗೆ ಓದಿ ಹೇಳಿದ. ಬೀದಿಯವರು ಅವನನ್ನು ಕತ್ತರಿ ಎಂದೇ ಕರೆಯುವುದು. ಕತ್ತರಿ ಯಾರದೋ ಗಲ್ಲಕ್ಕೆ ಸೋಪು ಹಚ್ಚುತ್ತ, "ಭಾಷೆ ಬಹಳ ಚೆನ್ನಾಗಿದೆ ಗುರುವೇ. 'ಕೋರುತ್ತೇನೆ' ಅನ್ನೋದು ಬಹಳ ಚೆನ್ನಾಗಿದೆ" ಎಂದ. ಸೋಪಿನೊಳಗಿದ್ದವರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಬಾಯಿಯ ಮೇಲೆ ಬ್ರಷ್ಷು ಬಂತು.

ಮಂಗಳವಾರ ಬೆಳಿಗ್ಗೆ ಇನ್ನೂರ ಹನ್ನೆರಡು ಜನಕ್ಕೂ ಫಾರಂ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಕಟಿಂಗ್ ಶಾಪಿನಲ್ಲಿ ಕೂದಲು ತೆಗೆಸಿಕೊಳ್ಳದವರೇ ತುಂಬಿದ್ದರು.

"ನೋಡ್ರಪ್ಪ, ಕಳ್ಳತನಕ್ಕೆ ಅರ್ಜಿ ಫಾರಂ ಬಂದಿದೆ!"

"ನನಗಂತೂ 'ಶೀಘ್ರದಲ್ಲೇ ಬರುತ್ತೇನೆ' ಅಂತ ಓದಿದ ಮೇಲೆ ಕೈಕಾಲು ಆಡ್ತಿಲ್ಲ."

"ಇಪ್ಪತ್ತೆರಡು ವರ್ಷ ಸಾಧು ಥರ ಕೂತಿದ್ದ ನೋಡಿ. ಬಗ್ಗಿ ನಡೀತಿದ್ದಿದ್ದು ಸುಮ್ಮನೆ ಅಲ್ಲ, ಕಿಂಡಿ ನೋಡ್ಕೊಂಡು!"

"ಛೆ, ಅವನಿರಲಿಕ್ಕಿಲ್ಲ. ಯಾರೋ ಅವನ ಹೆಸರಲ್ಲಿ ಕಳಿಸಿರಬೇಕು."

"ಮೊನ್ನೆ ನಮ್ಮ ಬಾಗಿಲಿಗೆ ಕಣ್ಣಿಟ್ಕೊಂಡು ನಿಂತಿದ್ದ ಅಂತ ಎದುರು ಮನೆಯವರೇ ಹೇಳಿದ್ರು!"

ಕತ್ತರಿ ಮಾತ್ರ, ಭಾಷೆ ಚೆನ್ನಾಗಿದೆ ಎಂದು ತಾನೇ ಹೇಳಿದ್ದು ನೆನಪಾಗಿ, ಗಿರಾಕಿಯೇ ಇಲ್ಲದ ಕುರ್ಚಿಯ ಕತ್ತು ಒರೆಸುತ್ತ ನಿಂತಿದ್ದ.

ಆ ಸಂಜೆ ಬೀದಿಯಲ್ಲಿ ಒಂದು ದೊಡ್ಡ ವಲಸೆ ನಡೆಯಿತು. ಹೂಕುಂಡದ ಅಡಿಯ ಕೀಗಳು, ಮೀಟರ್ ಪೆಟ್ಟಿಗೆಯ ಮೇಲಿನ ಕೀಗಳು, ಕಾಲೊರಸಿನ ಕೆಳಗಿನ ಕೀಗಳು, ತಲೆತಲಾಂತರದ ಜಾಗ ಬಿಟ್ಟು ಹೊಸ ಹೊಸ ಅಡಗುತಾಣಗಳಿಗೆ ಹೊರಟವು. ಅಕ್ಕಿ ಡಬ್ಬಿಗೆ, ಗಡಿಯಾರದ ಬೆನ್ನಿಗೆ, ದಿಂಬಿನ ಹತ್ತಿಯೊಳಗೆ. ಒಬ್ಬ ಯಜಮಾನರು ಎಲ್ಲಿಟ್ಟಿದ್ದೇನೆಂದು ಹೆಂಡತಿಗೂ ಹೇಳಲಿಲ್ಲ. ಹೆಂಡತಿ ಇನ್ನೊಂದನ್ನು ಎಲ್ಲಿಟ್ಟಳೆಂದು ಅವರಿಗೂ ಹೇಳಲಿಲ್ಲ.

ಇತ್ತ ಬೀಗದಣ್ಣ ಹಿಗ್ಗಿ ಹೀರೇಕಾಯಿಯಾಗಿದ್ದ. ಬುಧವಾರದೊಳಗೆ ಅರವತ್ತೊಂದು ಜನ ಉತ್ತರ ಬರೆದಿದ್ದರು! ಅಷ್ಟೂ ಚುಕ್ಕೆ ಹಸಿರಾಗಿದ್ದವು.

ಗುರುವಾರ ಠಾಣೆಯ ಇನ್ಸ್‌ಪೆಕ್ಟರ್ ಖುದ್ದಾಗಿ ಬಂದು, ಟೋಪಿ ತೆಗೆದು, ಮೆಟ್ಟಿಲ ಕೆಳಗೆ ನುಸುಳಿದರು.

"ಈ ಫಾರಂ ಕಳಿಸಿದ್ದು ನೀವೇನಾ?"

"ಹೌದು ಸಾರ್!" ಬೀಗದಣ್ಣ ಸ್ಟೂಲು ಒರೆಸಿ ಕೊಟ್ಟ. "ನಿಮಗೂ ಬಂತಲ್ವಾ? ನಿಮ್ಮ ಮನೆ ಗೇಟಿನ ಬೀಗ ನಾನೇ ಮಾಡಿದ್ದು. ಆದ್ರೆ ನೀವಿನ್ನೂ ತುಂಬಿಸಿಲ್ಲ ಸಾರ್. ನಿಮ್ಮ ಚುಕ್ಕೆ ಕೆಂಪಾಗೇ ಇದೆ."

ಇನ್ಸ್‌ಪೆಕ್ಟರ್ ಸ್ಟೂಲಿನ ಮೇಲೆ ಕೂತರು. "ಇಪ್ಪತ್ತಾರು ವರ್ಷ ಸರ್ವೀಸು ನಂದು. ಬಾಗಿಲು ಒಡೆದು ನುಗ್ಗಿದವರನ್ನ ನೋಡಿದ್ದೀನಿ, ಹೆಂಚು ತೆಗೆದು ಇಳಿದವರನ್ನ ನೋಡಿದ್ದೀನಿ. 'ಮಾನ್ಯರೇ' ಅಂತ ಬರೆದು ಅನುಮತಿ ಕೇಳಿದವರನ್ನ ಇದೇ ಮೊದಲು ನೋಡ್ತಿರೋದು."

"ಮರ್ಯಾದೆ ಬಿಡಬಾರದಲ್ವಾ ಸಾರ್."

"ಹತ್ತೊಂಬತ್ತು ದೂರು ಬಂದಿವೆ ಕಣ್ರೀ! ಭಾನುವಾರ ಸಂಘದ ಸಭೇಲಿ ಎಲ್ಲರ ಮುಂದೆ ಇತ್ಯರ್ಥ ಆಗಲಿ, ನಾನೂ ಬರ್ತೀನಿ. ಅಲ್ಲೀವರೆಗೆ ಒಂದೇ ಒಂದು ಬೀಗಾನೂ ಮುಟ್ಟಕೂಡದು. ತಿಳೀತಾ?"

ಆಗ ಬೀಗದಣ್ಣನಿಗೆ ಅರ್ಥವಾಯಿತು. ಒಂದೊಂದೇ ಪ್ರಶ್ನೆಯನ್ನು ಮನಸ್ಸಿನಲ್ಲೇ ಮತ್ತೆ ಓದಿಕೊಂಡ, ಕಾರಣಗಳಿಲ್ಲದೆ. ತಟ್ಟನೆ ಎದ್ದ. ಏಳನೇ ಮೆಟ್ಟಿಲು ಬಡಿಯಿತು.

ಸಂಜೆ ಹೆಂಡತಿ ಹೊರಗಿಂದ ಬಂದಾಗ ಅವನು ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದ.

"ಏನ್ರೀ, ಹೊರಗೇ ಕೂತಿದ್ದೀರಾ? ಕೀ ಇಲ್ವಾ?"

"ಇದೆ. ಬೀಗ ಮುಟ್ಟಬಾರದು ಅಂತ ಸಾಹೇಬ್ರ ಆಜ್ಞೆ."

"ನಮ್ಮನೆ ಬೀಗಾನೂ?"

"ಒಂದೇ ಒಂದು ಬೀಗಾನೂ ಅಂದ್ರು."

ವಿಷಯವೆಲ್ಲ ಕೇಳಿ ಅವಳು ಅವನ ಕೈಯಿಂದ ಕೀ ತೆಗೆದುಕೊಂಡಳು. ಆಮೇಲೆ ಮೊಣಕಾಲಲ್ಲಿ ಬಾಗಿಲು ಎತ್ತಿ, ಎಳೆದು, ಒಂದೂವರೆ ಸುತ್ತು ತಿರುಗಿಸಿ, "ಹನ್ನೊಂದು ವರ್ಷದಿಂದ ನೀವು ಈ ಬೀಗ ಮುಟ್ಟಿಲ್ಲ. ಸಾಹೇಬ್ರು ಈಗ ಹೇಳಿದ್ದು ಹೊಸದೇನಲ್ಲ" ಎಂದು ಒಳಗೆ ಹೋದಳು. ಕಾಫಿ ಮಾತ್ರ ಎಂದಿಗಿಂತ ಬೇಗ ಬಂತು. ಲೋಟ ಕೊಡುತ್ತ, "ಮಳಿಗೆ ಹೋದ್ರೆ ಹೋಗ್ಲಿ. ಹೆಸರು ಹೋಗಬಾರದು. ಭಾನುವಾರ ನಾನೂ ಬರ್ತೀನಿ" ಎಂದಳು.

ಭಾನುವಾರ ಹತ್ತು ಗಂಟೆಗೆ ಸಭಾಂಗಣದ ಮುಂದೆ ನೂರು ಜನ. ಬೀಗದಣ್ಣ ಹೆಂಡತಿಯ ಪಕ್ಕದಲ್ಲಿ ಕಂಪ್ಯೂಟರನ್ನು ಎದೆಗವಚಿಕೊಂಡು, ಎಂದಿಗಿಂತ ಎರಡಂಗುಲ ಹೆಚ್ಚೇ ಬಗ್ಗಿ ನಿಂತಿದ್ದ. ಹತ್ತೂಕಾಲಾಯಿತು. ಬಾಗಿಲು ತೆರೆಯಲಿಲ್ಲ.

ಅಧ್ಯಕ್ಷರು ಕಾರ್ಯದರ್ಶಿಯತ್ತ ತಿರುಗಿದರು. "ಏನ್ರೀ, ಕೀ ತೆಗೀರಿ."

ಕಾರ್ಯದರ್ಶಿ ಒಂದು ಜೇಬು ನೋಡಿದರು. ಇನ್ನೊಂದು ಜೇಬು ನೋಡಿದರು. ಆಮೇಲೆ ಆಕಾಶ ನೋಡಿದರು. "ಮಂಗಳವಾರ ಒಂದು ಭದ್ರವಾದ ಜಾಗದಲ್ಲಿ ಇಟ್ಟಿದ್ದೆ ಸಾರ್."

"ಯಾವ ಜಾಗ?"

"ಅದೇ ಸಾರ್ ನೆನಪಾಗ್ತಿಲ್ಲ. ಬಹಳ ಭದ್ರವಾಗಿತ್ತು."

"ಇನ್ನೊಂದು ಕೀ ಇತ್ತಲ್ರೀ?"

"ಅದು ಸಭಾಂಗಣದ ಒಳಗೇ ಇದೆ ಸಾರ್. ಅಲ್ಲಿ ಯಾರೂ ಕದಿಯೋಕಾಗಲ್ಲ ಅಂತ."

ನೂರು ಜನ ಬಿಸಿಲಲ್ಲಿ ನಿಂತು ಬಾಗಿಲನ್ನು ನೋಡಿದರು. ಆಮೇಲೆ, ಯಾರು ಮೊದಲೋ ತಿಳಿಯದು, ನೂರು ತಲೆಗಳೂ ಮೆಲ್ಲನೆ ಬೀಗದಣ್ಣನತ್ತ ತಿರುಗಿದವು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಹೂಂ. ವಿಚಾರಣೆ ನಡೆಸೋಕೆ ಬಾಗಿಲು ತೆರೀಬೇಕಲ್ಲ. ತೆಗೀರಿ."

"ಆಗಲ್ಲ ಸಾರ್" ಎಂದ ಬೀಗದಣ್ಣ. ಬಹುಶಃ ಜೀವನದಲ್ಲಿ ಮೊದಲ ಸಲ. "ಮುಟ್ಟಬಾರದು ಅಂತ ಸಾಹೇಬ್ರ ಆಜ್ಞೆ."

ಇನ್ಸ್‌ಪೆಕ್ಟರ್ ಬಂದದ್ದು ಇನ್ನೂ ಇಪ್ಪತ್ತು ನಿಮಿಷ ಬಿಟ್ಟು. ಸಂಗತಿ ಕೇಳಿ ಅವರ ಮೀಸೆ ಅಲುಗಿತು. "ಆರೋಪಿ ಬಾಗಿಲು ತೆಗೆಯಲಿ" ಎಂದರು.

ಬೀಗದಣ್ಣ ಕಂಪ್ಯೂಟರನ್ನು ಹೆಂಡತಿಯ ಕೈಗಿತ್ತು, ಜೇಬಿನಿಂದ ಎರಡು ತೆಳು ಸಲಾಕೆ ತೆಗೆದು, ಬಗ್ಗಿ, ಬೀಗಕ್ಕೆ ಕಿವಿ ಕೊಟ್ಟ. ನೂರು ಜನ ಒಂದು ಹೆಜ್ಜೆ ಹತ್ತಿರ ಬಂದರು. ಕತ್ತರಿ ಹನ್ನೊಂದರವರೆಗೆ ಎಣಿಸಿದ್ದನಷ್ಟೆ, ಕ್ಲಿಕ್ ಎಂದಿತು. ಕತ್ತರಿ ಚಪ್ಪಾಳೆ ತಟ್ಟಿದ. ಅಧ್ಯಕ್ಷರು ನೋಡಿದ ಮೇಲೆ ನಿಲ್ಲಿಸಿದ.

ಎಲ್ಲರೂ ಕೂತ ಮೇಲೆ ಅಧ್ಯಕ್ಷರ ಆರೋಪಪಟ್ಟಿ ಆರಂಭವಾಯಿತು. "ಮನೆಯಲ್ಲಿ ಯಾರೂ ಇರದ ಹೊತ್ತನ್ನು ಒಬ್ಬ ಬೀಗದವನು ಕೇಳ್ತಾನೆ ಅಂದ್ರೆ ಅದರ ಅರ್ಥವೇನು? ಎರಡನೆಯದಾಗಿ..."

ಇನ್ಸ್‌ಪೆಕ್ಟರ್ ಕೈ ಎತ್ತಿದರು. "ಅವರನ್ನೇ ಕೇಳೋಣ. ಯಾಕ್ರೀ ಕೇಳಿದ್ರಿ?"

ಬೀಗದಣ್ಣ ಎದ್ದ. "ಯಾರೂ ಇಲ್ಲದಾಗ ಹೋಗಬಾರದು ಅಂತ ಸಾರ್. ಸಡಿಲ ಬೀಗ ಕೇಳಿದ್ದು ಸರಿ ಮಾಡೋಕೆ. ಇನ್ನು ಎರಡನೇ ಕೀ... ಎಲ್ಲಿಟ್ಟಿದ್ದೀವಿ ಅಂತ ಜನ ಮರೀತಾರೆ ಸಾರ್. ಮರೆತು, ಬೀಗ ಒಡೆಸ್ತಾರೆ. ಒಳ್ಳೆ ಬೀಗ ಒಡೆಯೋಕೆ ನನಗೆ ಸಂಕಟ ಆಗುತ್ತೆ. ನಾನು ಬರ್ಕೊಂಡಿದ್ರೆ ನೆನಪು ಮಾಡಬಹುದು ಅಂತ. ಕಾರಣ ಎಲ್ಲಾ ಬರೆದಿದ್ದೆ ಸಾರ್, ಡಬ್ಬೀಲಿ ಹಿಡೀಲಿಲ್ಲ."

ಕಾರ್ಯದರ್ಶಿ ನೆಲ ನೋಡಿದರು.

"ಸರಿ, ಉತ್ತರ ಯಾರಾದ್ರೂ ಕೊಟ್ಟಿದ್ದಾರಾ?"

"ಅರವತ್ತೊಂದು ಜನ ಸಾರ್."

"ಅರವತ್ತೊಂದು!" ಸಭೆ ಗಲ್ಲ ಬಡಿದುಕೊಂಡಿತು. "ಯಾರಪ್ಪಾ ಅಷ್ಟೊಂದು ದಡ್ಡರು? ಓದಿ ಓದಿ, ಹೆಸರು ಓದಿ!"

"ಆಗಲ್ಲ" ಎಂದ ಬೀಗದಣ್ಣ. ಈ ಸಲ ತಲೆ ಎತ್ತಿಯೇ ಹೇಳಿದ. "ಗುಟ್ಟಾಗಿಡ್ತೀನಿ ಅಂತ ಬರೆದು ಕೊಟ್ಟಿದ್ದೀನಿ. ಕೆಲಸ ಕೊಡಬೇಡಿ, ಪರವಾಗಿಲ್ಲ. ಅಂಗಡಿ ಮುಚ್ಚಿ ಅಂದ್ರೆ ಮುಚ್ತೀನಿ. ಇದನ್ನ ಮಾತ್ರ ಯಾರಿಗೂ ತೋರಿಸಲ್ಲ. ನನ್ನ ಹೆಂಡತಿಗೂ ತೋರಿಸಿಲ್ಲ."

"ತೋರಿಸಿಲ್ಲ" ಎಂದಳು ಹೆಂಡತಿ. "ಕೇಳಿದ್ರೂ ತೋರಿಸಿಲ್ಲ."

ಇನ್ಸ್‌ಪೆಕ್ಟರ್ ಕಂಪ್ಯೂಟರಿಗೆ ಕೈ ಚಾಚಿದರು. "ಕಾನೂನಿಗೆ ತೋರಿಸ್ಬೇಕಾಗುತ್ತಲ್ರೀ."

"ಕೂಡದು!" ಎಂದು ಗುಡುಗಿದರು ಅಧ್ಯಕ್ಷರು, ಕುರ್ಚಿಯಿಂದ ಅರ್ಧ ಎದ್ದು. "ನಾನು ಬರೆದದ್ದನ್ನ ಯಾರೂ ನೋಡಕೂಡದು!"

ನೂರು ತಲೆಗಳೂ ಈಗ ಅಧ್ಯಕ್ಷರತ್ತ ತಿರುಗಿದವು.

"ನೀವೂ ತುಂಬಿಸಿದ್ರಾ ಸಾರ್?" ಎಂದರು ಕಾರ್ಯದರ್ಶಿ, ಬಹಳ ಮೆಲ್ಲಗೆ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಫಾರಂ ಬಂದ್ರೆ ಖಾಲಿ ಬಿಡೋಕೆ ನನ್ನಿಂದಾಗಲ್ಲ. ಮೂವತ್ತೊಂದು ವರ್ಷದ ಅಭ್ಯಾಸ. ತುಂಬಿಸಿ ಕಳಿಸಿದ ಮೇಲೆ ಪ್ರಶ್ನೆ ಓದಿದೆ."

ಮೂರನೇ ಸಾಲಿನಿಂದ ಒಂದು ಕೈ ಮೇಲೆದ್ದಿತು. "ನಾನೂ ಬರೆದಿದ್ದೀನಿ. ಬೀಗದಣ್ಣ ಕೇಳಿದ್ದಲ್ವಾ ಅಂತ." ಇಸ್ತ್ರಿ ಅಕ್ಕ ಎದ್ದಳು. "ನಾನೂ. ಕೇಳಿ ಅಂತ ಹೇಳಿದ್ದೇ ನಾನು." ಒಂದೊಂದಾಗಿ ಕೈಗಳೆದ್ದವು. ದೂರು ಕೊಟ್ಟ ಹತ್ತೊಂಬತ್ತು ಜನರಲ್ಲಿ ಏಳು ಜನ ಮೊದಲು ಉತ್ತರ ಬರೆದು, ಆಮೇಲೆ ದೂರು ಬರೆದವರು.

ಇನ್ಸ್‌ಪೆಕ್ಟರ್ ಟೋಪಿ ಹಾಕಿಕೊಂಡರು. "ಊರಿನ ಕೀಗಳೆಲ್ಲ ಐದು ದಿನದಿಂದ ಈ ಮನುಷ್ಯನ ಕೈಲಿವೆ. ಒಂದು ಸೂಜಿ ಕಳುವಾಗಿಲ್ಲ. ಕಳೆದುಹೋಗಿದ್ದು ನೀವೇ ಬಚ್ಚಿಟ್ಟ ಕೀಗಳು ಮಾತ್ರ. ಆ ಉತ್ತರಗಳನ್ನ ನನ್ನೆದುರಿಗೇ ಅಳಿಸಿಹಾಕಿ, ಸಾಕು."

ಬೀಗದಣ್ಣ ಅಳಿಸಲು ಪಟ್ಟಿ ತೆರೆದ. ಇಷ್ಟು ದಿನ ಚುಕ್ಕೆಗಳ ಬಣ್ಣ ನೋಡಿದ್ದನೇ ಹೊರತು ಸಂಕೋಚದಿಂದ ಒಂದು ಉತ್ತರವನ್ನೂ ಓದಿರಲಿಲ್ಲ. ಈಗ ಕಣ್ಣು ತಪ್ಪಿ ಕೊನೆಯ ಸಾಲಿನ ಮೇಲೆ ಬಿತ್ತು. ಅದಕ್ಕೆ ಹೆಸರಿರಲಿಲ್ಲ, ಯಾರೋ ನೇರವಾಗಿ ವೆಬ್‌ಸೈಟಿಗೆ ಬಂದು ತುಂಬಿಸಿದ್ದರು.

'ಒಂದು: ಅವರು ಸಂಜೆ ತರಗತಿಗೆ ಹೋದಾಗ. ಎರಡು: ಮುಂಬಾಗಿಲಿನದು, ಮೊಣಕಾಲಿಂದ ಎತ್ತಬೇಕು. ಮೂರು: ಎಡಗಾಲಿನ ಬೂಟು.'

'ಖಂಡಿತ ಅಳಿಸಬೇಕೇ?' ಎಂದು ಪ್ಲಗಿನ್ ಕೇಳಿತು. ಬೀಗದಣ್ಣ ಬಾಯಿ ತೆರೆದುಕೊಂಡೇ ಒತ್ತಿದ.

ನಲವತ್ತೆಂಟು ಬಾಗಿಲ ಕೆಲಸ ಅವನಿಗೇ ಆಯಿತು, ಇನ್ನು ಮುಂದೆ ಯಾರಿಗೂ ಪ್ರಶ್ನೆ ಕೇಳಬಾರದು ಎಂಬ ಒಂದೇ ಷರತ್ತಿನ ಮೇಲೆ. ಸಭೆ ಮುಗಿದ ಮೇಲೆ ಅವನ ಮುಂದೆ ದೊಡ್ಡ ಸಾಲು ನಿಂತಿತು. ಭದ್ರ ಜಾಗಗಳನ್ನು ಮರೆತವರೆಲ್ಲ ಇದ್ದರು. ಸಂಜೆಯೊಳಗೆ ಇಪ್ಪತ್ತಮೂರು ಬಾಗಿಲು ತೆರೆದ. ಅಕ್ಕಿ ಡಬ್ಬಿಗಳು ತಳ ಕಂಡಾಗ ಉಳಿದ ಕೀಗಳೂ ಒಂದೊಂದೇ ಬರುತ್ತಿವೆ ಎಂದು ಕೇಳಿದ್ದೇನೆ.

ಮನೆಗೆ ಬಂದು ಹೆಂಡತಿಯನ್ನು ಕೇಳಿದ. "ಆ ಕೊನೇದು ನೀನೇ ತಾನೇ ಬರೆದಿದ್ದು?"

"ಯಾವ ಕೊನೇದು?"

"ಎಡಗಾಲಿನ ಬೂಟು ಅಂತ."

ಅವಳು ಕಣ್ಣರಳಿಸಿದಳು. "ಅಯ್ಯೋ, ನನಗೆ ಆ ಕಂಪ್ಯೂಟರ್ ಹಚ್ಚೋಕೂ ಬರಲ್ಲ ಕಣ್ರೀ. ಹಾಗಾದ್ರೆ ಬೂಟಿನ ವಿಷಯ ಇನ್ಯಾರಿಗೋ ಗೊತ್ತು ಅಂತಾಯ್ತು! ನಮ್ಮ ಬಾಗಿಲಿನ ಗತಿ?"

ಸೋಮವಾರ ಬೆಳಿಗ್ಗೆ, ನಲವತ್ತೆಂಟರಲ್ಲಿ ಒಂದನ್ನೂ ಮುಟ್ಟುವ ಮುಂಚೆ, ಬೀಗದಣ್ಣ ತನ್ನ ಮನೆಯ ಮುಂಬಾಗಿಲಿಗೆ ಹೊಸ ಬೀಗ ಹಾಕಿದ. ಹೆಂಡತಿ ಕೀ ಹಾಕಿದಳು, ಒಂದೇ ಬೆರಳಲ್ಲಿ ತಿರುಗಿಸಿದಳು. ಬಾಗಿಲು ತೆರೆದುಕೊಂಡಿತು. ಮತ್ತೆ ಹಾಕಿ, ಮತ್ತೆ ತೆರೆದಳು. ಹೀಗೆ ಆರು ಸಲ ಮಾಡಿದಳಂತೆ, ಒಳಗೆ ಹೋಗುವ ಕೆಲಸವೇನೂ ಇಲ್ಲದೆ.

ಬೀಗದಣ್ಣ ಈಗ ಹೊಸ ಮಳಿಗೆಯಲ್ಲಿ ನೆಟ್ಟಗೆ ನಿಂತು ಕೆಲಸ ಮಾಡುತ್ತಾನೆ. ಬೆನ್ನು ಮಾತ್ರ ಇನ್ನೂ ಒಪ್ಪಿಕೊಂಡಿಲ್ಲ, ಏಳುವಾಗ ತಲೆ ತಾನಾಗಿ ಬಗ್ಗುತ್ತದೆ. ಚುಕ್ಕೆಗಳು ಕೆಂಪಾದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಆ ಕೊನೆಯ ಉತ್ತರ ಬರೆದವರು ಯಾರು? ಅಳಿಸಿಹೋದದ್ದನ್ನು ಪ್ಲಗಿನ್ ಮರಳಿ ಕೊಡುವುದಿಲ್ಲವಂತೆ. ಮೇಡಂ ಅವರನ್ನೂ ಕೇಳಿದೆ, ಕತ್ತರಿಯನ್ನೂ ಕೇಳಿದೆ. ನನಗೆ ಗೊತ್ತಾಗಲಿಲ್ಲ.